ಕಾಂಪೋಸಿಟ್ ಪ್ಯಾಟರ್ನ್: ಬಾಕ್ಸಿನೊಳಗೆ ಬಾಕ್ಸ್ ಬಂದಾಗ

ಫೈಲ್, ಫೋಲ್ಡರ್ ಎರಡಕ್ಕೂ ಒಂದೇ ಇಂಟರ್‌ಫೇಸ್ (ಯಾವ ಮೆಥಡ್‌ಗಳು ಇರಲೇಬೇಕು ಅನ್ನುವ ಪಟ್ಟಿ) ಯಾಕೆ ಬೇಕು, ಇಫ್ ಹಾಕಿದರೆ ಸಾಲದೇ ಅಂತ ಕೇಳಿದ್ದೀರಿ. ಹೀಗೆ ಒಂಟಿ ಭಾಗವನ್ನೂ ಭಾಗಗಳ ಗುಂಪನ್ನೂ ಒಂದೇ ಥರ ನಡೆಸುವ ವಿಧಾನವೇ ಕಾಂಪೋಸಿಟ್ ಪ್ಯಾಟರ್ನ್. ನಾನೂ ಇದೇ ಜಾಗದಲ್ಲಿ ತುಂಬಾ ದಿನ ಸಿಕ್ಕಿಕೊಂಡಿದ್ದೆ.

ಹಬ್ಬದ ಗಿಫ್ಟ್ ಬಾಕ್ಸ್‌ಗಳ ಬಿಲ್ಲಿಗೆ ಕೋಡ್ ಬರೆಯುತ್ತಿದ್ದೆ. ಬಾಕ್ಸ್ ಕ್ಲಾಸಿನಲ್ಲಿ ಐಟಂಗಳ ಒಂದು ಲಿಸ್ಟ್, ಅಷ್ಟೇ. ಆಮೇಲೆ ದೊಡ್ಡ ಬಾಕ್ಸಿನೊಳಗೆ ಸಣ್ಣ ಬಾಕ್ಸ್ ಇಡಬೇಕಾಯಿತು. ಒಳಗಿರುವುದು ಐಟಮ್ಮೋ ಬಾಕ್ಸೋ ಅಂತ ನೋಡಲು ಬೆಲೆಗೊಂದು ಇಫ್, ಪ್ರಿಂಟಿಗೊಂದು ಇಫ್ ಸೇರಿಸಿದೆ. ತೂಕಕ್ಕೆ ಸೇರಿಸೋದು ಮರೆತೆ. ಒಳಗಿನ ಬಾಕ್ಸಿನ ತೂಕ ಲೆಕ್ಕಕ್ಕೇ ಬರಲಿಲ್ಲ.

ಸರಿಮಾಡಲು ಮೊದಲು ಬದಲಿಸಿದ್ದು ಆ ಲಿಸ್ಟಿನ ಟೈಪ್. ಅದು ಐಟಂಗಳ ಲಿಸ್ಟ್ ಆಗಿರಬಾರದು, ‘ವಸ್ತು’ಗಳ ಲಿಸ್ಟ್ ಆಗಿರಬೇಕು. ವಸ್ತು ಅನ್ನುವುದು ಇಂಟರ್‌ಫೇಸ್, ಅದರಲ್ಲಿ ಬೆಲೆ, ತೂಕ ಅನ್ನುವ ಮೆಥಡ್‌ಗಳು. ಐಟಂ ಕೂಡ ವಸ್ತು, ಬಾಕ್ಸ್ ಕೂಡ ವಸ್ತು. ನಿಮ್ಮ ಫೈಲ್ ಈ ಐಟಂ ಇದ್ದಂತೆ, ಫೋಲ್ಡರ್ ಈ ಬಾಕ್ಸ್ ಇದ್ದಂತೆ. ಈಗ ನೋಡಿ: ಸಣ್ಣ ಬಾಕ್ಸಿನಲ್ಲಿ 300 ರೂಪಾಯಿಯ ಮೈಸೂರು ಪಾಕ್, 150ರ ಚಕ್ಕುಲಿ, ರಟ್ಟಿಗೆ 20. ಅದು 470 ಅನ್ನುತ್ತದೆ. ದೊಡ್ಡ ಬಾಕ್ಸ್ ಆ 470ಕ್ಕೆ 120ರ ದೀಪ, ತನ್ನ ರಟ್ಟಿನ 30 ಸೇರಿಸಿ 620 ಅನ್ನುತ್ತದೆ. 470 ಹೇಳಿದ್ದು ಬಾಕ್ಸೋ ಐಟಮ್ಮೋ ಅಂತ ಅದು ಕೇಳುವುದೇ ಇಲ್ಲ. ಇಫ್ ಬೇಡವಾಗುವುದು ಇಲ್ಲೇ. ನಾಳೆ ಹತ್ತು ಬಾಕ್ಸ್ ಒಂದರೊಳಗೊಂದು ಕೂತರೂ ಕೋಡ್ ಬದಲಾಗಲ್ಲ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು, ಒಳಗೆ ವಸ್ತು ಸೇರಿಸುವ ‘ಆಡ್’ ಮೆಥಡ್ ಎಲ್ಲಿಡಬೇಕು ಅನ್ನುವುದಕ್ಕೆ. ಇಂಟರ್‌ಫೇಸಿನಲ್ಲೇ ಇಟ್ಟರೆ ಎಲ್ಲವನ್ನೂ ಒಂದೇ ಥರ ನಡೆಸಬಹುದು, ಆದರೆ ಚಕ್ಕುಲಿಗೂ ‘ಆಡ್’ ಬಂದುಬಿಡುತ್ತದೆ! ನಾನು ಬಾಕ್ಸಿನಲ್ಲಿ ಮಾತ್ರ ಇಡುತ್ತೇನೆ. ತಪ್ಪು ಮಾಡಿದರೆ ಕಂಪೈಲರ್ರೇ ಹಿಡಿಯುತ್ತದೆ, ಅಲ್ವಾ. ಜಾವಾದಲ್ಲಿ ವಿಂಡೋ, ಬಟನ್‌ಗಳನ್ನು ಮಾಡುವ ಲೈಬ್ರರಿಯಾದ ಎಡಬ್ಲ್ಯೂಟಿಯಲ್ಲೂ ಹೀಗೇ ಇದೆ: ಕಂಟೇನರ್ ತಾನೇ ಒಂದು ಕಾಂಪೊನೆಂಟ್, ಬೇರೆ ಕಾಂಪೊನೆಂಟ್‌ಗಳನ್ನು ಸೇರಿಸುವ ‘ಆಡ್’ ಇರುವುದು ಕಂಟೇನರ್‌ನಲ್ಲಿ. ಅದರ ಮೇಲೆ ಕಟ್ಟಿದ ಸ್ವಿಂಗ್ ಲೈಬ್ರರಿಯಲ್ಲಿ ಮಾತ್ರ, ಬಟನ್ ಮುಂತಾದವುಗಳ ಮೂಲ ಕ್ಲಾಸ್ ಆದ ಜೆಕಾಂಪೊನೆಂಟ್ ಕಂಟೇನರ್‌ನಿಂದಲೇ ಇಳಿದು ಬಂದಿದೆ. ಹಾಗಾಗಿ ಸ್ವಿಂಗ್‌ನ ಬಟನ್ ಆದ ಜೆಬಟನ್ ಒಳಗೆ ಇನ್ನೊಂದು ಬಟನ್ ಸೇರಿಸಿದರೂ ಕಂಪೈಲ್ ಆಗುತ್ತದೆ. ಒಮ್ಮೆ ಬರೆದು ನೋಡಿ, ಈ ವ್ಯತ್ಯಾಸ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ಬಾಕ್ಸನ್ನು ಅದರೊಳಗೇ ಇಟ್ಟರೆ ಬೆಲೆ ಕೇಳಿದಾಗ ಕೊನೆಯೇ ಇಲ್ಲ, ಸ್ಟ್ಯಾಕ್ ತುಂಬಿ ಪ್ರೋಗ್ರಾಂ ಬೀಳುತ್ತದೆ. ಅದಕ್ಕೇ ‘ಆಡ್’ನಲ್ಲೇ ಇದನ್ನು ತಡೆಯಿರಿ. ಎಡಬ್ಲ್ಯೂಟಿ ಕಂಟೇನರ್ ಕೂಡ ತನ್ನನ್ನೋ ತನ್ನನ್ನು ಒಳಗಿಟ್ಟುಕೊಂಡ ಪೇರೆಂಟನ್ನೋ ತನ್ನೊಳಗೆ ಹಾಕಲು ಬಿಡುವುದಿಲ್ಲ, ಎಕ್ಸೆಪ್ಶನ್ ಎಸೆಯುತ್ತದೆ.

ನಿಮ್ಮ ಡೇಟಾದಲ್ಲಿ ಯಾವಾಗಲೂ ಎರಡೇ ಮಟ್ಟ ಇದ್ದರೆ, ಅಂದರೆ ಆರ್ಡರ್ ಮತ್ತು ಅದರ ಐಟಂಗಳು ಮಾತ್ರ ಆದರೆ, ಈ ಪ್ಯಾಟರ್ನ್ ಬೇಡ. ಸುಮ್ನೆ ಒಂದು ಲಿಸ್ಟ್ ಇಟ್ಟುಕೊಳ್ಳಿ.