ಡಿಫ್ರಾಸ್ಟ್ ಚೆನ್ನಾಗಿ ಮಾಡುವ ಮೈಕ್ರೋವೇವ್ ಯಾವುದು? ಹಳೆಯದು ಕೆಟ್ಟಿದೆ, ಹೊಸದು ತಗೋಬೇಕು

ನೀವು ಬರೆದದ್ದು ಇಷ್ಟು: 20 ಲೀಟರಿನ ಹಳೆಯ ಸೋಲೋ (ಬರೀ ಮೈಕ್ರೋವೇವ್ ಅಲೆಯಿಂದ ಬಿಸಿ ಮಾಡುವ) ಮೈಕ್ರೋವೇವ್ ಕೈಕೊಟ್ಟಿದೆ, ಮನೆಯಲ್ಲಿ ಮೂವರು, ಊರಿಂದ ಬರುವ ಮೀನು ಮತ್ತು ವಾರಕ್ಕಾಗುವ ಕೋಳಿ ಫ್ರೀಜರ್‌ನಲ್ಲೇ ಇರುತ್ತದೆ. ಹಳೆಯದರಲ್ಲಿ ಬಂಗುಡೆಯ ಬಾಲ ಬೆಂದುಹೋಗಿ ಹೊಟ್ಟೆಯ ಭಾಗ ಕಲ್ಲಿನ ಹಾಗೇ ಉಳಿಯುತ್ತಿತ್ತು. 12,000 ರೂಪಾಯಿ ಆಸುಪಾಸಿನಲ್ಲಿ ಡಿಫ್ರಾಸ್ಟ್ ಚೆನ್ನಾಗಿರುವುದು ಯಾವುದು, ಸೋಲೋ ಸಾಕೋ, ಬಿಸಿಗಾಳಿಯಲ್ಲಿ ಕೇಕ್ ಕೂಡ ಬೇಯಿಸುವ ಕನ್ವೆಕ್ಷನ್ ಬೇಕೋ ಅಂತ ಕೇಳಿದ್ದೀರಿ.

ಡಿಫ್ರಾಸ್ಟ್ ಒಂದಕ್ಕೇ ಆದರೆ ಕನ್ವೆಕ್ಷನ್‌ನಿಂದ ಏನೂ ಪ್ರಯೋಜನವಿಲ್ಲ. ನೋಡಬೇಕಾದದ್ದು ಇನ್ವರ್ಟರ್, ಅಂದರೆ ಪವರನ್ನೇ ತಗ್ಗಿಸಿ ಕೊಡುವ ಎಲೆಕ್ಟ್ರಾನಿಕ್ ಬೋರ್ಡು, ಇದೆಯೋ ಇಲ್ಲವೋ ಅನ್ನುವುದನ್ನು. ಅದು ಬಜೆಟ್ಟಿಗೆ ಸಿಗದಿದ್ದರೆ, ಪವರ್ ಲೆವೆಲ್ ನಾವೇ ಇಳಿಸಿಕೊಳ್ಳಲು ಬರುವ ಒಳ್ಳೆಯ ಸೋಲೋ ಸಾಕು. ಅಂಗಡಿಯವರು ಮೊದಲು ತೋರಿಸುವ ‘ಇಷ್ಟು ನೂರು ಆಟೋ ಕುಕ್ ಮೆನು’ ಅನ್ನುವ ಸ್ಟಿಕ್ಕರನ್ನು ಮರೆತುಬಿಡಿ. ಧೋಕ್ಲಾಕ್ಕೂ ರಸಗುಲ್ಲಾಕ್ಕೂ ಗುಂಡಿ ಇದ್ದ ಮಾತ್ರಕ್ಕೆ ನಿಮ್ಮ ಬಂಗುಡೆ ಸರಿಯಾಗಿ ಕರಗುವುದಿಲ್ಲ.

ಬಾಲ ಬೆಂದು ಹೊಟ್ಟೆ ಕಲ್ಲಾಗಿ ಉಳಿಯುವುದು ಯಾಕೆ ಅಂತ ಗೊತ್ತಾದರೆ ಅಂಗಡಿಯಲ್ಲಿ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಮೈಕ್ರೋವೇವ್ ಅಲೆ ದ್ರವ ನೀರಿಗೆ ಚೆನ್ನಾಗಿ ಹಿಡಿಸುತ್ತದೆ, ಮಂಜುಗಡ್ಡೆಗೆ ಹಿಡಿಸುವುದೇ ಇಲ್ಲ ಅನ್ನಬಹುದು. ಶುದ್ಧ ಮಂಜುಗಡ್ಡೆ ಹೀರುವ ಪ್ರಮಾಣ ನೀರಿಗಿಂತ ಸಾವಿರಾರು ಪಟ್ಟು ಕಡಿಮೆ. ಮೀನಿನ ಮಾಂಸದಲ್ಲಿ ಉಪ್ಪಿನಂಶದಿಂದಾಗಿ ಒಂದಿಷ್ಟು ನೀರು ಹೆಪ್ಪುಗಟ್ಟದೆ ಉಳಿದಿರುತ್ತದೆ, ಕರಗುವುದು ಅಲ್ಲಿಂದ ಶುರು. ಎಲ್ಲಿ ಮೊದಲು ಒಂದು ಹನಿ ನೀರಾಯಿತೋ ಆ ಜಾಗ ಪಕ್ಕದ ಮಂಜಿಗಿಂತ ಎಷ್ಟೋ ಪಾಲು ಹೆಚ್ಚು ಶಾಖ ಎಳೆದುಕೊಳ್ಳುತ್ತದೆ, ಇನ್ನಷ್ಟು ಬಿಸಿಯಾಗುತ್ತದೆ, ಮತ್ತಷ್ಟು ಎಳೆದುಕೊಳ್ಳುತ್ತದೆ. ತೆಳ್ಳಗಿರುವ ಬಾಲ, ರೆಕ್ಕೆಯ ಬುಡ, ಕೋಳಿ ಕಾಲಿನ ತುದಿ, ಇವೇ ಮೊದಲು ಸಿಕ್ಕಿಬೀಳುವುದು. ಒಂದು ಕಡೆ ಕುದಿ, ಇನ್ನೊಂದು ಕಡೆ ಮಂಜು.

ಇದಕ್ಕೆ ಮದ್ದು ಒಂದೇ, ಶಾಖವನ್ನು ನಿಧಾನವಾಗಿ ಕೊಡುವುದು. ಎಷ್ಟು ನಿಧಾನ ಅಂದರೆ, ಕರಗಿದ ಜಾಗದ ಬಿಸಿ ಪಕ್ಕದ ಮಂಜಿಗೆ ಹರಿದುಹೋಗಲು ಪುರುಸೊತ್ತು ಸಿಗುವಷ್ಟು. ಲೆಕ್ಕ ಹಾಕಿ ನೋಡಿ. ಅರ್ಧ ಕಿಲೋ ಮೀನಿನಲ್ಲಿ ಮುಕ್ಕಾಲು ಪಾಲು ನೀರೇ. ಆ ಮಂಜನ್ನು ಬರೀ ಕರಗಿಸಲು ಸುಮಾರು 125 ಕಿಲೋಜೂಲ್ ಬೇಕು. 800 ವ್ಯಾಟ್ ಪೂರ್ತಿ ಕೊಟ್ಟರೆ ಎರಡೂವರೆ ನಿಮಿಷದ ಕೆಲಸ, ಆದರೆ ಆ ಎರಡೂವರೆ ನಿಮಿಷದಲ್ಲಿ ಬಾಲ ಬೆಂದಿರುತ್ತದೆ. 30 ಶೇಕಡಾ ಅಂದರೆ 240 ವ್ಯಾಟ್‌ನಲ್ಲಿ ಕೊಟ್ಟರೆ ಒಂಬತ್ತು ನಿಮಿಷದ ಹತ್ತಿರ ಹೋಗುತ್ತದೆ. ಡಿಫ್ರಾಸ್ಟ್ ಗುಂಡಿ ಒತ್ತಿದಾಗ ಓವನ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಪವರ್ ಇಳಿಸಿ ಹೊತ್ತು ಹೆಚ್ಚಿಸುವುದು. ಅದರೊಳಗೆ ಬೇರೆ ಮಾಯಾಮಂತ್ರ ಇಲ್ಲ.

ಒಂದು ಓವನ್ನಿಗೂ ಇನ್ನೊಂದಕ್ಕೂ ವ್ಯತ್ಯಾಸ ಬರುವುದು ಈ ಪವರ್ ಇಳಿಸುವ ರೀತಿಯಲ್ಲಿ. ಮಾಮೂಲಿ ಓವನ್‌ನಲ್ಲಿ ಭಾರದ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅದಕ್ಕೆ ಅರ್ಧ ಕೆಲಸ ಮಾಡಲು ಬರುವುದಿಲ್ಲ. ಕೊಟ್ಟರೆ ಪೂರ್ತಿ 800 ವ್ಯಾಟ್, ಇಲ್ಲದಿದ್ದರೆ ಸೊನ್ನೆ. 30 ಶೇಕಡಾ ಬೇಕೆಂದರೆ ಕೆಲವು ಸೆಕೆಂಡ್ ಆನ್ ಆಗಿ ಉಳಿದ ಹೊತ್ತು ಆಫ್ ಇರುತ್ತದೆ. ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಒಳಗಿನ ತಂತಿ ಕಾಯುವುದಕ್ಕೇ ಪ್ರತಿ ಸಲ ಒಂದೆರಡು ಸೆಕೆಂಡ್ ಬೇಕಾದ್ದರಿಂದ ಈ ಆನ್‌-ಆಫ್ ಆಟವನ್ನು ತೀರಾ ಚಿಕ್ಕದು ಮಾಡಲೂ ಆಗುವುದಿಲ್ಲ. ಹೀಗಾಗಿ ಸರಾಸರಿ 240 ವ್ಯಾಟ್ ಆದರೂ ಮೀನಿನ ಬಾಲಕ್ಕೆ ಬೀಳುವ ಏಟು 800ರದ್ದೇ. ಇನ್ವರ್ಟರ್ ಇರುವ ಓವನ್‌ನಲ್ಲಿ ಎಲೆಕ್ಟ್ರಾನಿಕ್ ಬೋರ್ಡು ಪವರನ್ನೇ ತಗ್ಗಿಸಿ ಸತತವಾಗಿ ಕೊಡುತ್ತದೆ. ತೀರಾ ಕೆಳಗಿನ ಲೆವೆಲ್‌ಗಳಲ್ಲಿ ಇದೂ ನಿಂತು ನಿಂತು ಓಡುತ್ತದೆ ಅನ್ನುವುದು ನಿಜ, ಆದರೆ ಆಗಲೂ ಒಂದೊಂದು ಏಟಿನ ಜೋರು ಕಡಿಮೆ.

ನಮ್ಮ ಮನೆಯದು ಟ್ರಾನ್ಸ್‌ಫಾರ್ಮರ್ ಇರುವ 23 ಲೀಟರ್, ಅಕ್ಕನ ಮನೆಯದು ಇನ್ವರ್ಟರ್. ಊರಿಂದ ಒಂದೇ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಂದ ಅಂಜಲ್ ತುಂಡುಗಳನ್ನು ಎರಡು ಮನೆಯಲ್ಲೂ ಕರಗಿಸಿ ನೋಡಿದ್ದೇನೆ. ಆಟೋ ಡಿಫ್ರಾಸ್ಟ್‌ಗೆ ಬಿಟ್ಟರೆ ನಮ್ಮದರಲ್ಲಿ ತುಂಡಿನ ಅಂಚು, ಚರ್ಮದ ಪಕ್ಕ, ಬೆರಳಗಲ ಬೆಳ್ಳಗಾಗಿ ಬಿರಿದಿರುತ್ತದೆ, ಅಂದರೆ ಅಷ್ಟು ಭಾಗ ಆಗಲೇ ಬೆಂದಿದೆ. ಮಸಾಲೆ ಹಚ್ಚಿ ಕಾವಲಿಗೆ ಹಾಕಿದರೆ ಅಲ್ಲೇ ಪುಡಿಪುಡಿಯಾಗಿ ಕಳಚುತ್ತದೆ. ಅಕ್ಕನ ಓವನ್‌ನಲ್ಲಿ ಅಂಚು ಕೂಡ ಹಸಿ ಮೀನಿನ ಹೊಳಪಲ್ಲೇ ಇರುತ್ತದೆ, ನಡುವೆ ಮುಳ್ಳಿನ ಸುತ್ತ ಸ್ವಲ್ಪ ಮಂಜು ಉಳಿದಿರುತ್ತದೆ ಅಷ್ಟೇ. ಆದರೆ ಪವರ್ 20ಕ್ಕೋ 30ಕ್ಕೋ ನಾನೇ ಇಟ್ಟು, ನಡುನಡುವೆ ನಿಲ್ಲಿಸಿ ಮಗುಚಿದರೆ ನಮ್ಮ ಹಳೆಯ ಓವನ್ನೂ ಮರ್ಯಾದೆ ಉಳಿಸಿಕೊಳ್ಳುತ್ತದೆ. ಅದಕ್ಕೇ ಇನ್ವರ್ಟರ್ ಇಲ್ಲದಿದ್ದರೆ ಬದುಕೇ ಇಲ್ಲ ಅಂತ ನಾನು ಹೇಳುವುದಿಲ್ಲ.

ಅಂಗಡಿಗೆ ಹೋದಾಗ ಕಿವಿಯಿಂದಲೇ ಪತ್ತೆ ಮಾಡಬಹುದು. ಒಂದು ದೊಡ್ಡ ಲೋಟ ನೀರು ಇಟ್ಟು (ಖಾಲಿ ಓಡಿಸಲು ಬಿಡಬೇಡಿ) 30 ಶೇಕಡಾ ಪವರಿನಲ್ಲಿ ಎರಡು ನಿಮಿಷ ಓಡಿಸಿ ಅನ್ನಿ. ಟಕ್ ಅಂತ ಸದ್ದಾಗಿ ಗುಂಯ್ ಅನ್ನುವುದು, ಮತ್ತೆ ಟಕ್ ಅಂದು ಬರೀ ಫ್ಯಾನ್ ಸದ್ದು ಉಳಿಯುವುದು, ಹೀಗೆ ನಡೆದರೆ ಟ್ರಾನ್ಸ್‌ಫಾರ್ಮರ್. ಒಂದೇ ಸಮನೆ ಸಣ್ಣಗೆ ಗುನುಗುತ್ತಿದ್ದರೆ ಇನ್ವರ್ಟರ್. ಟ್ರಾನ್ಸ್‌ಫಾರ್ಮರಿನದ್ದೇ ತಗೊಳ್ಳುವುದಾದರೆ ಒಂದು ಗುಂಯ್ ಶುರುವಾದಲ್ಲಿಂದ ಮುಂದಿನ ಗುಂಯ್‌ವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಈ ಸುತ್ತು ಚಿಕ್ಕದಿದ್ದಷ್ಟೂ ಡಿಫ್ರಾಸ್ಟ್ ವಾಸಿ. ಡೆಮೊ ಕೊಡುವುದಿಲ್ಲ ಅಂದರೆ ಡಬ್ಬಿಯ ಮೇಲೆ ಅಥವಾ ಕಂಪನಿಯ ಸೈಟಿನಲ್ಲಿ ಅದೇ ಮಾದರಿ ಸಂಖ್ಯೆಯ ಮುಂದೆ ಇನ್ವರ್ಟರ್ ಅಂತ ಇದೆಯೇ ನೋಡಿ. ಎಲ್‌ಜಿ, ಪ್ಯಾನಾಸೋನಿಕ್ ಎರಡೂ ಇನ್ವರ್ಟರ್ ಓವನ್ ಮಾಡುತ್ತವೆ, ಆದರೆ ಅವುಗಳ ಎಲ್ಲ ಓವನ್ನೂ ಇನ್ವರ್ಟರ್ ಅಲ್ಲ. ಬ್ರಾಂಡ್ ಹೆಸರು ನೋಡಿ ತಗೊಂಡರೆ ಇಲ್ಲೇ ಎಡವುವುದು. ಅಂದಹಾಗೆ, ಕರೆಂಟ್ ಹೋದಾಗ ದೀಪ ಉರಿಸುವ ಮನೆಯ ಇನ್ವರ್ಟರಿಗೂ ಇದಕ್ಕೂ ಸಂಬಂಧವಿಲ್ಲ. ಮೈಕ್ರೋವೇವ್ ಎಳೆಯುವ ಕರೆಂಟಿಗೆ ಮಾಮೂಲಿ ಮನೆಯ ಯುಪಿಎಸ್ ತಡೆಯುವುದಿಲ್ಲ, ಹಾಗೆ ಓಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ವರ್ಟರಿನ ತಾಪತ್ರಯ ಎರಡು. ನಮ್ಮಲ್ಲಿ ಅದು ಹೆಚ್ಚಾಗಿ 27-28 ಲೀಟರ್ ಮೇಲಿನ ಕನ್ವೆಕ್ಷನ್ ಮಾದರಿಗಳಿಗೇ ಅಂಟಿಕೊಂಡು ಬರುತ್ತದೆ. ನಿಮಗೆ ಬೇಡದ ಕನ್ವೆಕ್ಷನ್‌ಗೂ ಸೇರಿಸಿ ದುಡ್ಡು ಕೊಡಬೇಕು, 12,000 ಮೀರುವ ಸಾಧ್ಯತೆಯೇ ಹೆಚ್ಚು. ಮನೆಯಲ್ಲಿ ಕೇಕ್ ಮಾಡುವವರಿದ್ದರೆ ಬೇರೆ ಮಾತು. ಇನ್ನೊಂದು, ಬೋರ್ಡು. ವೋಲ್ಟೇಜ್ ಏರಿಳಿತ ಜಾಸ್ತಿ ಇರುವ ಏರಿಯಾದಲ್ಲಿ ಅದು ಸುಟ್ಟರೆ ರಿಪೇರಿಗೆ ಒಳ್ಳೆಯ ಮೊತ್ತವೇ ಬೇಕು. ಅಂಥ ಕಡೆ ಇದ್ದರೆ ಓವನ್ನಿಗೆ ತಕ್ಕ ಸ್ಟೆಬಿಲೈಸರ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ, ಬೋರ್ಡಿಗೆ ವಾರಂಟಿ ಎಷ್ಟು ವರ್ಷ ಅಂತ ಬರವಣಿಗೆಯಲ್ಲಿ ಇರುವುದನ್ನೇ ಓದಿ.

ತಿರುಗುವ ಗಾಜಿನ ತಟ್ಟೆಯ ಅಗಲವನ್ನೂ ನೋಡಿ ಅಂತ ಹೇಳುತ್ತೇನೆ, ಇದನ್ನು ಯಾರೂ ಹೇಳುವುದಿಲ್ಲ. ಓವನ್ ಒಳಗೆ ಅಲೆಯ ಜೋರು ಎಲ್ಲ ಕಡೆ ಒಂದೇ ಇರುವುದಿಲ್ಲ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಅದರ ಅರ್ಧದಷ್ಟು ಅಂತರದಲ್ಲಿ ಬಿಸಿ ಜಾಗ, ತಣ್ಣನೆ ಜಾಗ ಬರುತ್ತವೆ. ತಟ್ಟೆಯ ನಟ್ಟನಡುವೆ ಇಟ್ಟದ್ದು ತಿರುಗಿದರೂ ಇದ್ದಲ್ಲೇ ಇರುತ್ತದೆ. ನಡುವಿನಿಂದ ಸರಿಸಿ ಇಡಲು ಜಾಗವಿದ್ದರೆ ಮೀನು ಬಿಸಿ-ತಣ್ಣನೆ ಎರಡರಲ್ಲೂ ಹಾದುಹೋಗುತ್ತದೆ. 17-20 ಲೀಟರಿನ ಪುಟ್ಟ ತಟ್ಟೆಯಲ್ಲಿ ಒಂದು ಊಟದ ತಟ್ಟೆ ಇಟ್ಟರೆ ಮುಗಿಯಿತು. ಮೂವರಿದ್ದರೂ 23 ಲೀಟರಿಗಿಂತ ಕೆಳಗೆ ಇಳಿಯಬೇಡಿ.

ಆಟೋ ಡಿಫ್ರಾಸ್ಟ್ ಬಗ್ಗೆ ಒಂದು ಮಾತು. ಅದು ಮೀನನ್ನು ನೋಡುವುದಿಲ್ಲ, ನೀವು ಒತ್ತಿದ ತೂಕವನ್ನು ಮಾತ್ರ ನೋಡುತ್ತದೆ. 500 ಗ್ರಾಂ ಅಂದರೆ 500 ಗ್ರಾಮಿನ ಹೊತ್ತು ಓಡುತ್ತದೆ, ಒಳಗಿರುವುದು ಒಂದೇ ಗಟ್ಟಿಯೋ ಐದು ತೆಳು ತುಂಡೋ ಅದಕ್ಕೆ ಗೊತ್ತಿಲ್ಲ. ತೆಳು ತುಂಡು, ಎಲುಬಿರುವ ಕೋಳಿ, ಅರ್ಧ ಕರಗಿದ್ದು, ಇವಕ್ಕೆಲ್ಲ ನಿಜ ತೂಕಕ್ಕಿಂತ ಕಡಿಮೆಯೇ ಒತ್ತಿ. ಕೆಲವು ದುಬಾರಿ ಮಾದರಿಗಳಲ್ಲಿ ಆವಿ ಗುರುತಿಸುವ ಸೆನ್ಸರ್ ಇರುತ್ತದೆ. ಅನ್ನ ಬಿಸಿ ಮಾಡಲು ಅದು ಚೆನ್ನ, ಆದರೆ ಡಿಫ್ರಾಸ್ಟ್ ಮಾಡುವಾಗ ಆವಿ ಏಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಅದಕ್ಕೆಂದು ಹೆಚ್ಚು ದುಡ್ಡು ಕೊಡಬೇಡಿ. ಐಇಸಿ 60705 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಹೆಪ್ಪುಗಟ್ಟಿದ ಕೈಮಾ ಕರಗಿಸಿ ನೋಡುವ ಪರೀಕ್ಷೆಯೂ ಇದೆ, ಆದರೆ ಅಂಗಡಿಯ ಡಬ್ಬಿಗಳ ಮೇಲೆ ಕಾಣುವುದು ವ್ಯಾಟ್ ಮಾತ್ರ. ಆ ವ್ಯಾಟ್‌ನಲ್ಲೂ ಔಟ್‌ಪುಟ್ ಅಂತ ಬರೆದದ್ದನ್ನು ನೋಡಿ. 1200, 1400 ಅಂತ ದೊಡ್ಡದಾಗಿ ಇರುವುದು ಗೋಡೆಯಿಂದ ಎಳೆಯುವ ಕರೆಂಟು.

ಇನ್ನು ಓವನ್ ಯಾವುದಾದರೂ ಇರಲಿ, ಫ್ರೀಜರ್‌ಗೆ ಹಾಕುವ ರೀತಿ ಬದಲಾಯಿಸಿದರೆ ಸಿಗುವ ಲಾಭ ಇನ್ವರ್ಟರಿನಿಂದ ಸಿಗುವುದಕ್ಕಿಂತ ಕಡಿಮೆಯೇನಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ, ಅದಕ್ಕೆ ಮುಂಚೆ ಎಲ್ಲರೂ ಕಿಲೋಗಟ್ಟಲೆ ತಂದು ಒಂದೇ ಕವರಿಗೆ ತುಂಬಿ ಫ್ರೀಜರಿಗೆ ತಳ್ಳುತ್ತಾರೆ. ಆಮೇಲೆ ಇಟ್ಟಿಗೆಯಂಥ ಆ ಗಟ್ಟಿಯನ್ನು ಯಾವ ಓವನ್ನೂ ಸರಿಯಾಗಿ ಕರಗಿಸಲಾರದು. ಒಂದು ಹೊತ್ತಿಗೆ ಬೇಕಾದಷ್ಟನ್ನೇ ಕೊಯ್ದು ತೊಳೆದು ಜಿಪ್ ಕವರಿನಲ್ಲಿ ಒಂದೇ ಪದರವಾಗಿ, ಎರಡು ಮೂರು ಸೆಂಟಿಮೀಟರಿಗಿಂತ ದಪ್ಪವಾಗದ ಹಾಗೆ ಚಪ್ಪಟೆ ಮಾಡಿ ಮಲಗಿಸಿ. ಅಂಜಲ್ ತುಂಡುಗಳ ನಡುವೆ ಬಟರ್ ಪೇಪರ್ ಇಟ್ಟರೆ ಬೇಕಾದಷ್ಟು ಬಿಡಿಸಿಕೊಳ್ಳಬಹುದು. ಬಂಗುಡೆಯನ್ನು ತಲೆ-ಬಾಲ ಅದಲುಬದಲಾಗಿ ಜೋಡಿಸಿ, ದಪ್ಪ ಭಾಗಗಳೆಲ್ಲ ಒಂದೇ ಕಡೆ ಸೇರುವುದಿಲ್ಲ.

ಕರಗಿಸುವಾಗ ಕವರಿನಿಂದ ತೆಗೆದು, ಪಿಂಗಾಣಿ ತಟ್ಟೆಯಲ್ಲಿ ಒಂದು ಸಣ್ಣ ಸಾಸರ್ ಬೋರಲಾಗಿಟ್ಟು ಅದರ ಮೇಲೆ ಇಡಿ. ಇಳಿದ ನೀರು ಕೆಳಗೆ ಹೋಗಬೇಕು. ಮೀನು ಆ ನೀರಿನಲ್ಲೇ ಕೂತರೆ ಶಾಖವೆಲ್ಲ ನೀರಿಗೆ ಹೋಗಿ ಅಡಿ ಬೇಯುತ್ತದೆ. ಅರ್ಧ ಹೊತ್ತಿಗೆ ಮಗುಚಿ, ಬಿಡುವಂಥ ತುಂಡುಗಳನ್ನು ಬಿಡಿಸಿ ಹೊರಗಿಡಿ. ಪೂರ್ತಿ ಮೆತ್ತಗಾಗುವವರೆಗೆ ಓಡಿಸಲೇಬೇಡಿ. ಚಾಕುವಿನ ತುದಿ ಒಳಗೆ ಇಳಿಯುತ್ತದೆ ಅಂದ ಕೂಡಲೇ ನಿಲ್ಲಿಸಿ ಹತ್ತು ನಿಮಿಷ ಹಾಗೇ ಬಿಟ್ಟರೆ ಉಳಿದದ್ದು ತಾನಾಗಿ ಕರಗುತ್ತದೆ, ಅಷ್ಟರಲ್ಲಿ ಮಸಾಲೆ ರುಬ್ಬಿ ಆಗಿರುತ್ತದೆ.

ಮೈಕ್ರೋವೇವ್‌ನಲ್ಲಿ ಕರಗಿಸಿದ್ದನ್ನು ಆಗಲೇ ಬೇಯಿಸಿಬಿಡಬೇಕು, ಮತ್ತೆ ಹಸಿಯಾಗಿ ಫ್ರೀಜರಿಗೆ ಹಾಕಬಾರದು. ಅಲ್ಲಲ್ಲಿ ಬೆಚ್ಚಗಾಗಿರುತ್ತದಲ್ಲ, ರೋಗಾಣುಗಳಿಗೆ ಅದೇ ಹಬ್ಬ. ಹಾಗಂತ ಬೆಳಿಗ್ಗೆ ತೆಗೆದು ಮಧ್ಯಾಹ್ನದವರೆಗೆ ಅಡುಗೆ ಕಟ್ಟೆಯ ಮೇಲೆ ಬಿಡುವ ಹಳೆಯ ಅಭ್ಯಾಸ ಇನ್ನೂ ಕೆಟ್ಟದ್ದು. ಬಂಗುಡೆ, ಬೂತಾಯಿಯಂಥ ಮೀನು ಬೆಚ್ಚಗಿರುವಲ್ಲಿ ಗಂಟೆಗಟ್ಟಲೆ ಇದ್ದರೆ ಹಿಸ್ಟಮೈನ್ ಸೇರಿಕೊಳ್ಳುತ್ತದೆ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪೇರಿ, ಮೈ ತುರಿಸಿ, ತಲೆನೋವು ಬರುತ್ತದೆ. ಆತುರವಿಲ್ಲದ ದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಶೆಲ್ಫಿಗೆ ಇಳಿಸಿಬಿಡಿ, ಅದನ್ನು ಮೀರಿಸುವ ಡಿಫ್ರಾಸ್ಟ್ ಇಲ್ಲ. ಒಂದು ಗಂಟೆ ಪುರುಸೊತ್ತಿದ್ದರೆ ನೀರು ಹೋಗದ ಹಾಗೆ ಕವರ್ ಮುಚ್ಚಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಿ. ಬಟಾಣಿ, ಹಿತುಕಿದ ಅವರೆಬೇಳೆ, ತೆಂಗಿನ ತುರಿ ಇವಕ್ಕೆ ಡಿಫ್ರಾಸ್ಟೇ ಬೇಡ. ಮೊದಲೆರಡು ಸೀದಾ ಕುದಿಯುವ ನೀರಿಗೆ, ತುರಿ ಉಗುರುಬೆಚ್ಚಗಿನ ನೀರಿನ ಜೊತೆ ಮಿಕ್ಸಿಗೆ.

ಹಾಗಾಗಿ ನನ್ನನ್ನು ಕೇಳಿದರೆ: ಮೂರ್ನಾಲ್ಕು ಸಾವಿರ ಹೆಚ್ಚಾದರೂ ಪರವಾಗಿಲ್ಲ, ಕೇಕ್ ಗೀಕ್ ಕೂಡ ಮಾಡುತ್ತೇವೆ ಅನ್ನುವುದಾದರೆ 28 ಲೀಟರ್ ಆಸುಪಾಸಿನ ಇನ್ವರ್ಟರ್ ತಗೊಳ್ಳಿ. ಕೈ ಬಿಗಿ ಇದ್ದರೆ 23-25 ಲೀಟರಿನ ಸೋಲೋ ನೋಡಿ, ಅದರಲ್ಲಿ ಪವರ್ 10ರಿಂದ 100ರವರೆಗೆ ಹಂತ ಹಂತವಾಗಿ ಇಳಿಸಲು ಬರಬೇಕು, ತೂಕದ ಡಿಫ್ರಾಸ್ಟ್ ಜೊತೆ ಹೊತ್ತಿನ ಡಿಫ್ರಾಸ್ಟೂ ಇರಬೇಕು. ಉಳಿದ ದುಡ್ಡಿಗೆ ಜಿಪ್ ಕವರ್ ಮತ್ತು ಅಡುಗೆಮನೆಯ ಒಂದು ತಕ್ಕಡಿ. ಹಳೆಯದನ್ನು ಬಿಚ್ಚಿ ನೋಡಲು ಮಾತ್ರ ಹೋಗಬೇಡಿ, ಪ್ಲಗ್ ಕಿತ್ತಿದ್ದರೂ ಒಳಗಿನ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟ್ ನಿಂತಿರಬಹುದು. ಎಕ್ಸ್‌ಚೇಂಜಿಗೆ ಕೊಟ್ಟುಬಿಡಿ. ಅಂಗಡಿಯಲ್ಲಿ ಎರಡು ಮೂರು ಇಷ್ಟವಾಗಿ ತಲೆ ಕೆಟ್ಟರೆ ಪೂರ್ತಿ ಮಾದರಿ ಸಂಖ್ಯೆಗಳನ್ನು ಕಾಮೆಂಟಿನಲ್ಲಿ ಹಾಕಿ, ಯಾವುದರಲ್ಲಿ ಇನ್ವರ್ಟರ್ ಇದೆ ಅಂತ ನೋಡಿ ಹೇಳುತ್ತೇನೆ.