ಗೆದ್ದ ಹಣ ಬಂತು, ಖಾತೆ ಹೋಯಿತು

ಐಪಿಎಲ್ ಮುಗಿದು ಒಂದೆರಡು ತಿಂಗಳಾದರೆ ಈ ಅಂಕಣಕ್ಕೆ ಬರುವ ಪತ್ರಗಳ ಜಾತಿಯೇ ಬದಲಾಗುತ್ತದೆ. ಪಾಲು ವಿಭಾಗ, ಪೋಡಿ, ಚೆಕ್ ಬೌನ್ಸ್‌ಗಳನ್ನೆಲ್ಲ ಹಿಂದಕ್ಕೆ ತಳ್ಳಿ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತಲೇ ಇರುತ್ತದೆ. ವಕೀಲಿಯ ಈಚಿನ ಏಳೆಂಟು ವರ್ಷಗಳನ್ನು ಹೆಚ್ಚಾಗಿ ಸೈಬರ್ ಪ್ರಕರಣಗಳಲ್ಲೇ ಕಳೆದಿರುವ ನನಗೆ ಅದನ್ನು ಓದಿ ಓದಿ ಸಾಕಾಗಿರುವುದರಿಂದ, ಈ ಸಲ ಅದಕ್ಕೊಂದು ಪೂರ್ಣ ಉತ್ತರ ಬರೆದಿಟ್ಟು, ಮುಂದೆ ಕೇಳುವವರಿಗೆ ಇದರ ಪ್ರತಿಯನ್ನೇ ಕಳುಹಿಸಬೇಕೆಂದಿದ್ದೇನೆ. ಬೆಟ್ಟಿಂಗ್ ಕೆಟ್ಟದ್ದು ಎಂಬ ಉಪದೇಶ ಇದರಲ್ಲಿಲ್ಲ. ಅದು ಗೊತ್ತಿದ್ದೇ ಆಡಿದವರು ಬರೆಯುವ ಪತ್ರಗಳಿವು.

ಪ್ರಶ್ನೆ: ಐಪಿಎಲ್ ಸಮಯದಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರಿಂದ ಬೆಟ್ಟಿಂಗ್ ಐಡಿ ಪಡೆದು ₹10,000 ಹಾಕಿದ್ದೆ. ಗೆದ್ದು ₹24,500 ಹಿಂಪಡೆದೆ. ಎರಡು ತಿಂಗಳ ಬಳಿಕ ನನ್ನ ಸಂಬಳದ ಖಾತೆ ಫ್ರೀಜ್ ಆಗಿದೆ. ಬೇರೆ ರಾಜ್ಯದ ಸೈಬರ್ ಪೊಲೀಸರ ಸೂಚನೆ ಎಂದು ಬ್ಯಾಂಕಿನವರು ಹೇಳುತ್ತಾರೆ. ನಾನು ಯಾರಿಗೂ ಮೋಸ ಮಾಡಿಲ್ಲ, ನೋಟಿಸ್ ಕೂಡ ಬಂದಿಲ್ಲ. ಏನು ಮಾಡಲಿ? (ಹಾವೇರಿಯ ಓದುಗರು)

ಉತ್ತರ: ನೀವು ಲಗತ್ತಿಸಿದ ಸ್ಟೇಟ್‌ಮೆಂಟನ್ನು ನಿಮಗಿಂತ ಹೆಚ್ಚು ಗಮನವಿಟ್ಟು ನಾನು ಓದಿದ್ದೇನೆ ಎಂದು ಕಾಣುತ್ತದೆ. ₹24,500 ಒಂದೇ ಕಂತಿನಲ್ಲಿ ಬಂದಿಲ್ಲ. ನಲವತ್ತು ನಿಮಿಷಗಳ ಒಳಗೆ ಮೂರು ಜಮೆಗಳಾಗಿವೆ: ₹9,000 ಒಂದು ಟೈಲರಿಂಗ್ ಅಂಗಡಿಯ ಖಾತೆಯಿಂದ, ₹8,500 ಒಬ್ಬ ಮಹಿಳೆಯ ಉಳಿತಾಯ ಖಾತೆಯಿಂದ, ₹7,000 ಯಾವುದೋ ಟ್ರೇಡರ್ಸ್ ಹೆಸರಿನಿಂದ. ಬೆಟ್ಟಿಂಗ್ ಕಂಪನಿಯ ಹೆಸರು ಮೂರರಲ್ಲಿ ಎಲ್ಲಿಯೂ ಇಲ್ಲ. ಹಣ ಬಂದ ರಾತ್ರಿಯೇ ಈ ಮೂರು ಸಾಲುಗಳನ್ನು ನೋಡಿ, ಹೊಲಿಗೆ ಅಂಗಡಿಯವರು ನನಗೇಕೆ ಹಣ ಕಳುಹಿಸಿದರು ಎಂದು ನೀವು ಕೇಳಿಕೊಂಡಿದ್ದರೆ ಈ ಪತ್ರದ ಅಗತ್ಯ ಬೀಳುತ್ತಿರಲಿಲ್ಲ.

ಈ ದಂಧೆಯವರು ತಮ್ಮ ಹೆಸರಿನಲ್ಲಿ ಇಲ್ಲಿ ಬ್ಯಾಂಕ್ ಖಾತೆ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ತಿಂಗಳಿಗಿಷ್ಟು ಕಮಿಷನ್ ಎಂದು ಮಾತಾಡಿ, ವಿದ್ಯಾರ್ಥಿಗಳು, ಕೂಲಿಯವರು, ಸಣ್ಣ ಅಂಗಡಿಯವರ ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ಸಿಮ್‌ಗಳನ್ನು ಬಾಡಿಗೆಗೆ ಪಡೆಯುತ್ತಾರೆ. ನೀವು ಹಣ ಹಾಕುವಾಗ ತೆರೆಯಲ್ಲಿ ಕಾಣುತ್ತಿದ್ದ ಯುಪಿಐ ಐಡಿ ಆಗಾಗ ಬದಲಾಗುತ್ತಿದ್ದುದು ಇದೇ ಕಾರಣಕ್ಕೆ. ಇಂಥ ಖಾತೆಗಳ ಗುಂಪಿಗೆ ಬಾಜಿ ಕಟ್ಟುವವರ ಹಣವಷ್ಟೇ ಬಂದು ಬೀಳುವುದಿಲ್ಲ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ನಿವೃತ್ತರಿಂದ ಕಿತ್ತುಕೊಂಡದ್ದು, ಷೇರು ವ್ಯವಹಾರದ ನಕಲಿ ಆ್ಯಪ್‌ನಲ್ಲಿ ಗೃಹಿಣಿಯರು ಕಳೆದುಕೊಂಡದ್ದು, ಎಲ್ಲವೂ ಅದೇ ಖಾತೆಗಳ ಮೂಲಕ ಹಾಯುತ್ತದೆ, ಏಕೆಂದರೆ ಖಾತೆಗಳನ್ನು ಒದಗಿಸುವ ದಲ್ಲಾಳಿಗಳು ಎರಡೂ ಕಡೆಯವರಿಗೆ ಬೇಕಾದವರು. ಅಲ್ಲಿಂದ ಎತ್ತಿ ನಿಮಗೆ ‘ಗೆಲುವು’ ಎಂದು ಕಳುಹಿಸಿದರೆ ವಂಚಕರಿಗೆ ಎರಡು ಲಾಭ: ಕದ್ದ ಹಣ ಕೈಬಿಟ್ಟು ಹೋಗುತ್ತದೆ, ನೀವು ಕಟ್ಟಿದ ಶುದ್ಧ ಹಣ ಅವರ ಕೈಯಲ್ಲಿ ಉಳಿಯುತ್ತದೆ. ನಿಮ್ಮ ಖಾತೆಗೆ ಬಂದ ಆ ₹8,500 ಯಾರೋ ಒಬ್ಬರ ಪಿಂಚಣಿಯ ತುಂಡಾಗಿರಬಹುದು.

ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ ಕ್ಷಣದಿಂದ ಹಣದ ಜಾಡು ಹಿಡಿಯುವ ಕೆಲಸ ಶುರುವಾಗುತ್ತದೆ. ದೂರು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಾಗಿ ಒಂದು ಸ್ವೀಕೃತಿ ಸಂಖ್ಯೆ ಹುಟ್ಟುತ್ತದೆ. ಅವರ ಹಣ ಮೊದಲು ಸೇರಿದ ಖಾತೆ ಒಂದನೇ ಲೇಯರ್, ಅಲ್ಲಿಂದ ಹರಿದು ಹೋದವು ಎರಡನೆಯ ಲೇಯರ್; ಹೀಗೆ ಬ್ಯಾಂಕಿನಿಂದ ಬ್ಯಾಂಕಿಗೆ ಸೂಚನೆ ಸಾಗುತ್ತದೆ. ನೀವು ಬಹುಶಃ ಮೂರನೆಯದೋ ನಾಲ್ಕನೆಯದೋ ಲೇಯರ್. ದೂರು ಕೊಟ್ಟವರು ಹೈದರಾಬಾದಿನವರೋ ಜೈಪುರದವರೋ ಆಗಿದ್ದರೆ ಸೂಚನೆ ಕೂಡ ಅಲ್ಲಿಯ ಪೊಲೀಸರಿಂದಲೇ ಬರುತ್ತದೆ. ಹಾವೇರಿಯ ಠಾಣೆಯಲ್ಲಿ ವಿಚಾರಿಸಿದರೆ ಅವರಿಗೆ ಏನೂ ಗೊತ್ತಿರುವುದಿಲ್ಲ.

ನೋಟಿಸ್ ಕೊಡದೆ ಖಾತೆ ಮುಟ್ಟುವಂತಿಲ್ಲ ಎಂದು ನಿಮಗೆ ಯಾರು ಹೇಳಿದರೋ ಅವರ ಬಳಿ ಮತ್ತೆ ಸಲಹೆ ಕೇಳಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 106, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 102, ಅಪರಾಧದ ಶಂಕೆ ಹುಟ್ಟಿಸುವ ಸ್ವತ್ತನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಪೊಲೀಸರಿಗೆ ಕೊಡುತ್ತದೆ, ಮತ್ತು ಬ್ಯಾಂಕ್ ಖಾತೆಯೂ ಅಂಥ ಸ್ವತ್ತೇ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಮುಂಚಿತ ನೋಟಿಸ್ ಕೊಟ್ಟರೆ ಹಣ ಖಾತೆಯಲ್ಲಿ ಕುಳಿತು ಪೊಲೀಸರಿಗಾಗಿ ಕಾಯುವುದಿಲ್ಲ ಎಂಬುದು ಯಾರಿಗಾದರೂ ತಿಳಿಯುವ ಸಂಗತಿ. ಆದರೆ ವಶಪಡಿಸಿಕೊಂಡದ್ದನ್ನು ಮ್ಯಾಜಿಸ್ಟ್ರೇಟರಿಗೆ ಕೂಡಲೇ ವರದಿ ಮಾಡಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ. ನಿಮ್ಮ ಹಿಡಿತಕ್ಕೆ ಸಿಗುವ ಎಳೆ ಇದು.

ಈಗ ಮಾಡಬೇಕಾದದ್ದು. ಬ್ಯಾಂಕಿನ ಕೌಂಟರಿನಲ್ಲಿ ನಿಂತು ಜಗಳವಾಡುವುದನ್ನು ಬಿಟ್ಟು, ಒಂದು ಹಾಳೆಯಲ್ಲಿ ಬರೆದುಕೊಟ್ಟು, ಎರಡನೆಯ ಪ್ರತಿಗೆ ಸೀಲು ಹಾಕಿಸಿಕೊಂಡು, ನಾಲ್ಕು ವಿವರ ಕೇಳಿ: ಸೂಚನೆ ಕಳುಹಿಸಿದ ಠಾಣೆ ಯಾವುದು, ಸ್ವೀಕೃತಿ ಸಂಖ್ಯೆ ಎಷ್ಟು, ವಿವಾದದಲ್ಲಿರುವ ಮೊತ್ತ ಎಷ್ಟು, ತಡೆ ಇಡೀ ಖಾತೆಗೋ ಆ ಮೊತ್ತಕ್ಕೆ ಮಾತ್ರವೋ. ನನ್ನ ಅನುಭವದಲ್ಲಿ ಮೂರನೆಯ ಉತ್ತರವೇ ಜನರನ್ನು ಬೆರಗಾಗಿಸುತ್ತದೆ. ನನ್ನ ಕಕ್ಷಿದಾರರಾದ ಔಷಧ ಅಂಗಡಿಯವರೊಬ್ಬರ ಚಾಲ್ತಿ ಖಾತೆ ನಿಂತುಹೋಗಿ, ಸಗಟು ವ್ಯಾಪಾರಿಗೆ ಕೊಟ್ಟ ಚೆಕ್ಕು ವಾಪಸಾಗಿ, ಊರೆಲ್ಲ ಮಾತಾಗಿತ್ತು. ವಿವಾದದ ಮೊತ್ತ ಮೂರು ಸಾವಿರ ರೂಪಾಯಿ. ಅವರು ಬಾಜಿ ಕಟ್ಟಿದವರೂ ಅಲ್ಲ, ಮಗ ಅಂಗಡಿಯ ಕ್ಯೂಆರ್‌ಗೆ ತನ್ನ ‘ಗೆಲುವು’ ಹಾಕಿಸಿಕೊಂಡಿದ್ದ.

ವಿವರ ಸಿಕ್ಕ ಮೇಲೆ ತನಿಖಾಧಿಕಾರಿಗೆ ಇ-ಮೇಲ್ ಮತ್ತು ರಿಜಿಸ್ಟರ್ಡ್ ಅಂಚೆ ಎರಡರಲ್ಲೂ ಬರೆಯಿರಿ. ಗುರುತಿನ ದಾಖಲೆ, ಆರು ತಿಂಗಳ ಸ್ಟೇಟ್‌ಮೆಂಟ್, ಸಂಬಳದ ಚೀಟಿ ಲಗತ್ತಿಸಿ, ವಿವಾದದ ಮೊತ್ತವನ್ನಷ್ಟೇ ತಡೆಹಿಡಿದು ಉಳಿದ ಖಾತೆಯನ್ನು ತೆರವುಗೊಳಿಸಬೇಕೆಂದು ಕೋರಿ. ‘ಸ್ನೇಹಿತ ಸಾಲ ಹಿಂದಿರುಗಿಸಿದ’ ಎಂಬ ಕಥೆಯನ್ನು ದಯವಿಟ್ಟು ಕಟ್ಟಬೇಡಿ. ನೂರಕ್ಕೆ ತೊಂಬತ್ತು ಜನ ಅದನ್ನೇ ಬರೆಯುತ್ತಾರೆ, ಆ ಸ್ನೇಹಿತನ ಹೆಸರು ಕೇಳಿದ ಕೂಡಲೇ ಮೌನಕ್ಕೆ ಬೀಳುತ್ತಾರೆ, ಸಂತ್ರಸ್ತರ ಸಾಲಿನಲ್ಲಿದ್ದವರು ಅಲ್ಲಿಂದ ಶಂಕಿತರ ಸಾಲಿಗೆ ಸರಿಯುತ್ತಾರೆ. ಬಾಜಿಯ ವಿಷಯವನ್ನು ಹೇಗೆ, ಎಷ್ಟು ಹೇಳಬೇಕೆಂಬುದಕ್ಕೆ, ಪತ್ರ ಕಳುಹಿಸುವ ಮುನ್ನ ನಿಮ್ಮೂರಿನ ವಕೀಲರೊಬ್ಬರಿಗೆ ತೋರಿಸಿ. ಉತ್ತರವೇ ಬಾರದಿದ್ದರೆ ಸಂಹಿತೆಯ ಸೆಕ್ಷನ್ 503ರ ಅಡಿ ಸಂಬಂಧಪಟ್ಟ ಮ್ಯಾಜಿಸ್ಟ್ರೇಟರಿಗೆ ಅರ್ಜಿ, ಅದೂ ಆಗದಿದ್ದರೆ ಹೈಕೋರ್ಟಿನಲ್ಲಿ ರಿಟ್. ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಸಂಬಳಕ್ಕೆ ಬೇರೆ ಖಾತೆ ಮಾಡಿಸಿ, ಮನೆ ಸಾಲದ ಕಂತು ಹಳೆಯ ಖಾತೆಯಿಂದ ಹೋಗುತ್ತಿದ್ದರೆ ಇಂದೇ ಬದಲಿಸಿ. ವಿವಾದದ ಮೊತ್ತ ವಾಪಸು ಬರುವ ಆಸೆ ಬಿಡಿ, ಅದು ನಿಮ್ಮದಲ್ಲ.

ಟೆಲಿಗ್ರಾಂನಲ್ಲಿ ‘ಶೇ 15 ಕೊಟ್ಟರೆ ಮೂರು ದಿನದಲ್ಲಿ ಅನ್‌ಫ್ರೀಜ್’ ಎಂದು ಕೂಗುವ ಏಜೆಂಟರ ವಿಷಯ ಬರೆಯದಿದ್ದರೆ ಈ ಉತ್ತರ ಅರ್ಧವಾಗುತ್ತದೆ. ಅವರಿಗೆ ಸೈಬರ್ ಠಾಣೆಯಲ್ಲಿ ಯಾರ ಪರಿಚಯವೂ ಇಲ್ಲ. ಪೊಲೀಸರ ಲೆಟರ್‌ಹೆಡ್ ಹಾಕಿ ಅವರು ತಯಾರಿಸಿದ ನಕಲಿ ‘ತೆರವು ಪತ್ರ’ವನ್ನು ಬ್ಯಾಂಕಿಗೆ ಕೊಟ್ಟು ಬಂದ ಮಹಾನುಭಾವರೊಬ್ಬರು ಈಗ ಎರಡು ಪ್ರಕರಣ ಎದುರಿಸುತ್ತಿದ್ದಾರೆ. ಇನ್ನು ಕೆಲವರು ಹಣ ಬಂದ ಖಾತೆಗೇ ಹಣ ಹಿಂದಿರುಗಿಸಿ ಕೈ ತೊಳೆದುಕೊಳ್ಳಿ ಎನ್ನುತ್ತಾರೆ. ಆ ಖಾತೆ ಸಂತ್ರಸ್ತರದ್ದಲ್ಲ, ಬಾಡಿಗೆಯವರದ್ದು, ಹಾಗೆ ಮಾಡಿದರೆ ಜಾಡಿನಲ್ಲಿ ನಿಮ್ಮ ಕೈಯಿಂದಲೇ ಇನ್ನೊಂದು ಲೇಯರ್ ಸೇರಿಸಿದಂತೆ. ಸ್ವಂತ ಖಾತೆಯನ್ನು ಕಮಿಷನ್ನಿಗೆ ಕೊಟ್ಟು ಈಗ ‘ನನಗೇನೂ ಗೊತ್ತಿಲ್ಲ’ ಎಂದು ಬರೆದಿರುವ ನಾಲ್ವರಿಗೆ ಈ ಅಂಕಣದಲ್ಲಿ ಉತ್ತರವಿಲ್ಲ. ನೀವು ನೇರವಾಗಿ ವಕೀಲರನ್ನು ಇಟ್ಟುಕೊಳ್ಳಿ.

ಪ್ರಶ್ನೆ: ಬೆಂಗಳೂರಿನ ಐಪಿಎಲ್ ಪಂದ್ಯಕ್ಕೆ ಇನ್‌ಸ್ಟಾಗ್ರಾಂನಲ್ಲಿ ಒಬ್ಬರಿಂದ ₹9,000ಕ್ಕೆ ಎರಡು ಟಿಕೆಟ್ ಕೊಂಡೆ. ಗೇಟಿನಲ್ಲಿ ‘ಈಗಾಗಲೇ ಬಳಕೆಯಾಗಿದೆ’ ಎಂದು ಬಂತು. ಟಿಕೆಟ್ ಅಸಲಿಯೇ ಎಂದು ಮಾರಿದವರು ವಾದಿಸುತ್ತಾರೆ.

ಉತ್ತರ: ಅವರು ಹೇಳುವುದು ನಿಜವೂ ಇರಬಹುದು, ಅದೇ ತಮಾಷೆ. ಮೊಬೈಲ್ ಟಿಕೆಟ್ ಎಂದರೆ ಒಂದು ಕ್ಯೂಆರ್ ಚಿತ್ರ; ಒಂದು ಅಸಲಿ ಟಿಕೆಟ್ ಕೊಂಡವನು ಅದರ ಸ್ಕ್ರೀನ್‌ಶಾಟನ್ನು ಇಪ್ಪತ್ತು ಜನಕ್ಕೆ ಮಾರಬಹುದು, ಗೇಟಿನ ಯಂತ್ರ ಮೊದಲು ಬಂದವನನ್ನು ಒಳಗೆ ಬಿಟ್ಟು ಉಳಿದ ಹತ್ತೊಂಬತ್ತು ಜನರನ್ನು ಹೊರಗೆ ನಿಲ್ಲಿಸುತ್ತದೆ. ನನ್ನ ಅಕ್ಕನ ಮಗ ಮಾರಿದವನಿಲ್ಲದೆಯೇ ಈ ಪಾಡು ಪಟ್ಟ: ಟಿಕೆಟ್ ಸಿಕ್ಕ ಸಂಭ್ರಮಕ್ಕೆ ಫೋಟೋ ಹಾಕಿಕೊಂಡ, ಅವನ ಸೀಟಿನಲ್ಲಿ ಇನ್ಯಾರೋ ಕುಳಿತು ಪಂದ್ಯ ನೋಡಿದರು. ಹಣ ಕೊಟ್ಟ ದಾಖಲೆ, ಚಾಟ್, ಆ ಖಾತೆಯ ಲಿಂಕ್ ಇಟ್ಟುಕೊಂಡು 1930ಕ್ಕೆ ದೂರು ಕೊಡಿ, ಆದರೆ ನೀವು ಪಂದ್ಯ ಮುಗಿದು ಹದಿನೇಳು ದಿನಗಳ ಬಳಿಕ ಬರೆದಿದ್ದೀರಿ. ಗೇಟಿನ ಬಳಿ ನಿಂತಾಗಲೇ ಕರೆ ಮಾಡಿದ್ದರೆ ಹಣ ತಡೆಯುವ ಅವಕಾಶವಿತ್ತು. ಗುಂಪು ಕಟ್ಟಿಕೊಂಡು ಅನಧಿಕೃತವಾಗಿ ಟಿಕೆಟ್ ಮಾರುವುದನ್ನೂ ಅನಧಿಕೃತ ಬೆಟ್ಟಿಂಗನ್ನೂ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 112 ಒಂದೇ ಸಾಲಿನಲ್ಲಿ, ಸಣ್ಣ ಪ್ರಮಾಣದ ಸಂಘಟಿತ ಅಪರಾಧ ಎಂದು ಹೆಸರಿಸುತ್ತದೆ. ಶಿಕ್ಷೆ ಒಂದರಿಂದ ಏಳು ವರ್ಷ. ಟಿಕೆಟ್ ಇಲ್ಲದಿದ್ದರೂ ಗೇಟಿನ ಹತ್ತಿರ ಹೋಗಿ ನೋಡೋಣ ಎನ್ನುವವರಿಗೆ ನನ್ನದೊಂದು ವಾದವಿಲ್ಲದ ಮಾತು: 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತ ಮೇಲೆ, ಕೈಯಲ್ಲಿ ಟಿಕೆಟ್ ಇಲ್ಲದೆ ಕಬ್ಬನ್ ರಸ್ತೆಯ ಆ ಭಾಗಕ್ಕೆ ನಾನಂತೂ ಕಾಲಿಡುವುದಿಲ್ಲ.

ಪ್ರಶ್ನೆ: ಐಪಿಎಲ್ ಟಿಕೆಟಿಗೆ ಇಷ್ಟೊಂದು ತೆರಿಗೆ ಹಾಕುವುದು ಮೋಸವಲ್ಲವೇ?

ಉತ್ತರ: ಮೋಸವಲ್ಲ, ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇ 28 ಇದ್ದದ್ದು ಶೇ 40 ಆಗಿದೆ, ₹2,000ದ ಟಿಕೆಟಿಗೆ ₹800.

ಪ್ರಶ್ನೆ: ನಮ್ಮ ಬೆಟ್ಟಿಂಗ್ ವೆಬ್‌ಸೈಟಿಗೆ ಕ್ಯುರಸಾವ್ ಎಂಬ ಕೆರಿಬಿಯನ್ ದ್ವೀಪದೇಶದ ಪರವಾನಗಿ ಇದೆ. ಅದು ಕಾನೂನುಬದ್ಧವಲ್ಲವೇ?

ಉತ್ತರ: ಕ್ಯುರಸಾವ್‌ನಲ್ಲಿ.

ಪ್ರಶ್ನೆ: ಕುದುರೆ ರೇಸಿಗೆ ಬಾಜಿ ಕಟ್ಟಬಹುದಾದರೆ ಕ್ರಿಕೆಟಿಗೆ ಏಕಿಲ್ಲ? ಅದೂ ಕೌಶಲದ ಆಟವೇ.

ಉತ್ತರ: ರೇಸ್ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದು ನಿಜ. ಆದರೆ ಸಂಸತ್ತು ಅಂಗೀಕರಿಸಿ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮಟ್ಟಿಗೆ ಕೌಶಲವೋ ಅದೃಷ್ಟವೋ ಎಂಬ ಚರ್ಚೆಗೇ ಜಾಗ ಬಿಟ್ಟಿಲ್ಲ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಕೋಟಿಯವರೆಗೆ ದಂಡ ಅಥವಾ ಎರಡೂ, ಜಾಹೀರಾತು ನೀಡುವವರಿಗೆ ಎರಡು ವರ್ಷದವರೆಗೆ ಅಥವಾ ಐವತ್ತು ಲಕ್ಷದವರೆಗೆ ಅಥವಾ ಎರಡೂ. ಆಡುವವರಿಗೆ ಅದರಲ್ಲಿ ಶಿಕ್ಷೆಯಿಲ್ಲ. ಇಷ್ಟನ್ನೇ ಹಿಡಿದುಕೊಂಡು ‘ಆಡಿದರೆ ತಪ್ಪಿಲ್ಲ’ ಎಂದು ವಿಡಿಯೊ ಮಾಡುವವರು ಜೂಜಾಡುವವರಿಗೂ ಶಿಕ್ಷೆ ಹೇಳುವ ಕರ್ನಾಟಕ ಪೊಲೀಸ್ ಕಾಯ್ದೆ ಎಂಬುದೊಂದು 1963ರಿಂದ ಇದೆ ಎಂಬುದನ್ನು ಮರೆತಿದ್ದಾರೆ.

ಪ್ರಶ್ನೆ: ಒಂದು ಟೆಲಿಗ್ರಾಂ ಚಾನೆಲ್ ಸತತ ಐದು ಪಂದ್ಯಗಳ ಫಲಿತಾಂಶ ಸರಿಯಾಗಿ ಹೇಳಿತು. ಮುಂದಿನದಕ್ಕೆ ₹2,000 ಕೇಳುತ್ತಿದೆ. ಫಿಕ್ಸಿಂಗ್ ಮಾಹಿತಿ ಇರಬಹುದೇ?

ಉತ್ತರ: ಎಂಟು ಸಾವಿರ ಜನರನ್ನು ಎರಡು ಗುಂಪು ಮಾಡಿ, ಅರ್ಧಕ್ಕೆ ಒಂದು ತಂಡದ ಹೆಸರು, ಅರ್ಧಕ್ಕೆ ಇನ್ನೊಂದರ ಹೆಸರು ಕಳುಹಿಸಿ, ತಪ್ಪಿದವರನ್ನು ಬಿಟ್ಟು ಮುಂದುವರಿದರೆ, ಐದನೆಯ ಪಂದ್ಯದ ಹೊತ್ತಿಗೆ ಐದೂ ಸರಿಯಾಗಿ ಕಂಡವರು 250 ಮಂದಿ ಉಳಿಯುತ್ತಾರೆ. ಒಬ್ಬೊಬ್ಬರಿಂದ ₹2,000 ಎಂದರೆ ಐದು ಲಕ್ಷ. ನೀವು ಆ 250ರಲ್ಲಿ ಒಬ್ಬರು.

ಪ್ರಶ್ನೆ: ಗೆದ್ದ ₹1,80,000 ಬಿಡುಗಡೆಗೆ ಮೊದಲು ಶೇ 30 ತೆರಿಗೆ ಕಟ್ಟಬೇಕೆಂದು ಸೈಟಿನವರು ಹೇಳುತ್ತಾರೆ. ಕಟ್ಟಲೇ?

ಉತ್ತರ: ಕಟ್ಟಬೇಡಿ. ತೆರಿಗೆಯನ್ನು ಗೆದ್ದ ಹಣದಿಂದಲೇ ಕಳೆಯುತ್ತಾರೆ, ಗೆದ್ದವರಿಂದ ಬೇರೆ ತರಿಸಿಕೊಳ್ಳುವುದಿಲ್ಲ. ಆ ₹1,80,000 ತೆರೆಯ ಮೇಲಿನ ಅಂಕಿ ಮಾತ್ರ, ಮತ್ತು ಬಾಜಿಯ ಒಪ್ಪಂದವೇ ಅಸಿಂಧು ಎಂದು 1872ರ ಕರಾರು ಕಾಯ್ದೆಯ ಸೆಕ್ಷನ್ 30 ಹೇಳುವುದರಿಂದ ದಾವೆ ಹೂಡಿ ವಸೂಲಿ ಮಾಡುವ ದಾರಿಯೂ ಇಲ್ಲ.

ಪ್ರಶ್ನೆ: ನನ್ನ ಮಗ ಬೆಟ್ಟಿಂಗ್‌ಗಾಗಿ ಲೋನ್ ಆ್ಯಪ್‌ಗಳಲ್ಲಿ ಸಾಲ ಮಾಡಿದ್ದಾನೆ. ಒಮ್ಮೆ ಒಡವೆ ಅಡವಿಟ್ಟು ತೀರಿಸಿದೆವು. ಮತ್ತೆ ಮಾಡಿದ್ದಾನೆ. ಪೊಲೀಸರಿಗೆ ಹೇಳಬೇಕೇ? (ಶಿವಮೊಗ್ಗದ ತಾಯಿಯೊಬ್ಬರು)

ಉತ್ತರ: ಅಮ್ಮ, ಮೊದಲು ಪೊಲೀಸರಲ್ಲ. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿಗೆ ಬರಲಾಗುವುದಾದರೆ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಇಂಟರ್‌ನೆಟ್ ಗೀಳಿಗೆಂದೇ ಶಟ್ ಕ್ಲಿನಿಕ್ ಇದೆ. ಮಂತ್ರದ ತಾಯಿತ ಕಟ್ಟಿಸಿದ್ದಾಗಿ ಬರೆದಿದ್ದೀರಿ. ಅದಕ್ಕೆ ಕೊಟ್ಟ ₹11,000 ಆ ಹುಡುಗನ ಸಾಲಕ್ಕಿಂತ ಹೆಚ್ಚು ನನಗೆ ಸಿಟ್ಟು ತರಿಸಿತು. ಈ ಸಲದ ಸಾಲವನ್ನು ತಕ್ಷಣ ತೀರಿಸಬೇಡಿ. ಯಾವ ಆ್ಯಪ್, ಎಷ್ಟು ಪಡೆದದ್ದು, ಎಷ್ಟು ಕಟ್ಟಿದ್ದು, ಯಾರು ಫೋನ್ ಮಾಡಿ ಬೆದರಿಸುತ್ತಿದ್ದಾರೆ ಎಂಬುದನ್ನು ಅವನ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಸಿ. ಅರ್ಧ ಮುಚ್ಚಿಡುತ್ತಾನೆ, ಮರುದಿನ ಮತ್ತೆ ಬರೆಸಿ. ಬೆದರಿಕೆಯ ಕರೆಗಳಿದ್ದರೆ ಆಗ ಠಾಣೆಗೆ ಹೋಗುವಾಗ ಆ ಎರಡನೆಯ ಹಾಳೆ ಬೇಕಾಗುತ್ತದೆ, ಮಗನೂ ಜೊತೆಯಲ್ಲಿರಬೇಕಾಗುತ್ತದೆ.