ತೊಡೆಸಂದಿನ ಗಂಟು: ಹರ್ನಿಯಾನಾ, ಬೇರೆ ಏನಾದ್ರೂನಾ?

ಪ್ರಶ್ನೆ: ನಮ್ಮಪ್ಪನಿಗೆ 58 ವರ್ಷ. ಗಂಗಾವತಿಯ ರೈಸ್‌ಮಿಲ್‌ನಲ್ಲಿ ಹಮಾಲಿ ಕೆಲಸ. ಎರಡು ದಿನದಿಂದ ಬಲ ತೊಡೆಸಂದಿನಲ್ಲಿ ಗಂಟು ಎದ್ದು ನೋಯ್ತಿದೆ. ಒಬ್ಬ ಡಾಕ್ಟರು ಹರ್ನಿಯಾ, ಇವತ್ತೇ ಆಪರೇಷನ್ ಅಂದರು. ಇನ್ನೊಬ್ಬರು ಕಾಲಿನ ಗಾಯದಿಂದ ಎದ್ದ ಗಡ್ಡೆ ಇರಬಹುದು ಅಂದರು. ಯಾರ ಮಾತು ಕೇಳೋಣ?

ಉತ್ತರ: ಗಂಟು ಬಿಗಿಯಾಗಿದ್ದು, ಮಲಗಿದರೂ ಒಳಗೆ ಹೋಗದೆ, ಜೊತೆಗೆ ವಾಂತಿ, ಹೊಟ್ಟೆ ಉಬ್ಬರ, ಗಾಳಿ ಹೋಗದೇ ಇರುವುದು ಇದ್ದರೆ ಇದನ್ನು ಓದುತ್ತಾ ಕೂರಬೇಡಿ, ಸರ್ಜನ್ ಇರುವ ಆಸ್ಪತ್ರೆಗೆ ಈಗಲೇ ಹೊರಡಿ. ಹರ್ನಿಯಾ ಅಂದರೆ ಹೊಟ್ಟೆಯ ಗೋಡೆಯ ಸಡಿಲ ಜಾಗದಿಂದ ಕರುಳಿನಂಥದ್ದು ಹೊರಗೆ ತೂರಿ ಬರುವುದು; ಹಾಗೆ ಸಿಕ್ಕಿಕೊಂಡ ಕರುಳಿಗೆ ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಕೊಳೆಯಲು ಶುರುವಾಗುತ್ತದೆ. ದಾರಿಯಲ್ಲಿ ಚಹಾನೂ ಬೇಡ, ಗಂಟನ್ನು ಒತ್ತಿ ಒಳಗೆ ತಳ್ಳುವುದೂ ಬೇಡ.

ಅದ್ಯಾವುದೂ ಇಲ್ಲದಿದ್ದರೂ ಇವತ್ತೇ ಸರ್ಜನ್‌ಗೆ ತೋರಿಸಿ. ಅಪ್ಪನನ್ನು ನಿಲ್ಲಿಸಿ ಕೆಮ್ಮಿಸಿ ನೋಡಿದರಾ? ಸಾಮಾನ್ಯ ಹರ್ನಿಯಾ ಕೆಮ್ಮಿದಾಗ ಕೈಗೆ ಬಡಿಯುತ್ತದೆ, ಮಲಗಿದರೆ ಒಳಗೆ ಜಾರುತ್ತದೆ. ಗಾಯದ ಗಡ್ಡೆಗೆ, ಅಂದರೆ ಕಾಲಿನ ಸೋಂಕಿಗೆ ಊದಿಕೊಂಡ ದುಗ್ಧಗ್ರಂಥಿಗೆ, ಇವೆರಡೂ ಇಲ್ಲ. ಆ ಕಾಲಿನ ಬೆರಳ ಸಂದಿ, ಹಿಮ್ಮಡಿ, ಉಗುರು ಎಲ್ಲ ನೋಡಿ, ಬರಿಗಾಲಲ್ಲಿ ಓಡಾಡುವವರಿಗೆ ಅಲ್ಲೊಂದು ಹಳೇ ಮುಳ್ಳೋ, ಕೀವೋ ಸಿಗುವುದು ಜಾಸ್ತಿ.

ಮೋಸ ಹೋಗೋದು ಎಲ್ಲಿ ಅಂದ್ರೆ, ಸಿಕ್ಕಿಕೊಂಡ ಹರ್ನಿಯಾನೂ ಕೆಮ್ಮಿದರೆ ಬಡಿಯಲ್ಲ, ಒಳಗೂ ಹೋಗಲ್ಲ. ಥೇಟ್ ಗಡ್ಡೆಯ ಹಾಗೇ ಇರುತ್ತದೆ! ಅದಕ್ಕೇ ಅನುಮಾನ ಇದ್ದರೆ ಅಲ್ಟ್ರಾಸೌಂಡ್ ಬೇಕು. ಗಂಟು ಬಂದು ಹೋಗಿ ಮಾಡುತ್ತಿದ್ದರೆ ನಿಲ್ಲಿಸಿ, ತಿಣುಕಿಸಿ ನೋಡಿ ಅಂತ ಕೇಳಿ. ಬರೀ ಮಲಗಿಸಿ ನೋಡಿದರೆ ಹರ್ನಿಯಾ ಒಳಗೆ ಜಾರಿ ರಿಪೋರ್ಟ್ ನಾರ್ಮಲ್ ಅಂತ ಬರುವುದೂ ಉಂಟು. ಆಮೇಲೂ ತಿಳಿಯದಿದ್ದರೆ ಸಿಟಿ ಸ್ಕ್ಯಾನ್. ಆದರೆ ಕರುಳು ಸಿಕ್ಕಿಕೊಂಡ ಲಕ್ಷಣ ಸ್ಪಷ್ಟ ಇದ್ದಾಗ ಸ್ಕ್ಯಾನ್‌ಗೆ ಸರದಿ ಕಾಯುತ್ತಾ ಕೂರುವುದು ತಪ್ಪು.

ಈ ವಿಷಯದಲ್ಲಿ ನನಗೆ ಅಜ್ಜಿಯಂದಿರ ಚಿಂತೆಯೇ ಹೆಚ್ಚು. ಒಬ್ಬರಿಗೆ ಮೂರು ದಿನ ವಾಂತಿ, ಬರೀ ಗ್ಯಾಸ್ ಮಾತ್ರೆ ಕೊಟ್ಟಿದ್ದರು. ಸೀರೆ ಸರಿಸಿ ನೋಡಿದರೆ ತೊಡೆಸಂದಿನ ಕೆಳಗೆ ಅಡಿಕೆಯಷ್ಟೇ ಗಂಟು, ಒಳಗೆ ಕರುಳು. ನಾಚಿಕೆಗೆ ಅವರು ಹೇಳಿರಲಿಲ್ಲ, ಯಾರೂ ನೋಡಿಯೂ ಇರಲಿಲ್ಲ.

ಇನ್ನು ಹುಡುಗರಿಗೆ ವೃಷಣ ಥಟ್ಟನೆ ನೋಯಲು ಶುರುವಾದರೆ ಅದನ್ನು ಹರ್ನಿಯಾ ಅಂದುಕೊಂಡು ಬೆಳಗಿನ ತನಕ ತಡೆಯಬೇಡಿ. ವೃಷಣ ತಿರುಚಿಕೊಂಡಿದ್ದರೆ ಉಳಿಸಿಕೊಳ್ಳಲು ಇರುವುದು ಸುಮಾರು 6 ಗಂಟೆ ಅಷ್ಟೇ.

ಇಬ್ಬರಲ್ಲಿ ಯಾರು ಸರಿ ಅಂತ ನಾನು ಇಲ್ಲಿಂದ ಹೇಳಲಾರೆ. ಸರ್ಜನ್ ಹತ್ತಿರ ಹೋದಾಗ ಇಬ್ಬರ ಚೀಟಿನೂ ಮುಂದಿಡಿ, ಯಾವುದನ್ನೂ ಮುಚ್ಚಿಡಬೇಡಿ. ಅಪ್ಪ ಕೊನೆಗೆ ಎಷ್ಟು ಹೊತ್ತಿಗೆ ಉಂಡರು ಅನ್ನೋದನ್ನೂ ಬರೆದುಕೊಂಡು ಹೋಗಿ, ಅರಿವಳಿಕೆ ಕೊಡುವವರು ಮೊದಲು ಕೇಳೋದೇ ಅದು.